ಏಳುವಳು

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಝೆರಾಕ್ಸ್ ಮಷೀನಿನ ಕಾವಿಗೆ ಬೆನ್ನು ಕೊಟ್ಟು
ಕಂಪ್ಯೂಟರಿನ ಮುಂದೆ ನಾನು.
ಮದುವೆ ಕಾಗದ, ತಿಥಿ ಕಾರ್ಡು, ಪಹಣಿ ತಿದ್ದುಪಡಿ ಅರ್ಜಿ,
ಯಾವುದಾದರೂ ಪುಟಕ್ಕೆ ಮೂವತ್ತು ರೂಪಾಯಿ.
ಈ ವಾರ ಒಂದು ನಾಟಕ.

ತಂದವರು ಹಾರ್ಮೋನಿಯಂ ಮೇಷ್ಟ್ರು ದ್ಯಾವಪ್ಪನವರು,
ಪ್ಲಾಸ್ಟಿಕ್ ಕವರಿನಲ್ಲಿ, ಎಳೆಗೂಸನ್ನು ತಂದ ಹಾಗೆ.
ರಟ್ಟಿಲ್ಲ, ಮೊದಲೆರಡು ಹಾಳೆಯಿಲ್ಲ,
ಗೆದ್ದಲು ಓದಿ ಮಿಗಿಸಿದ್ದು ನನ್ನ ಪಾಲಿಗೆ.
"ಒಂದಕ್ಷರ ಅತ್ಲಾಗಿತ್ಲಾಗ್ ಆಗ್ಬಾರ್ದು ಕಣವ್ವ,
ನಮ್ ತಾತನ ಕಾಲದ್ದು."

ರಾಜನಿಗೆ ಹೆಸರಿದೆ, ಹೆಸರಿನ ಹಿಂದೆ ಏಳು ಬಿರುದು.
ಅವನ ಕುದುರೆಗೂ ಹೆಸರಿದೆ.
ಅವಳು ಬರೀ ರಾಣಿ, ಪಕ್ಕದಲ್ಲಿ ಎರಡು ಚುಕ್ಕಿ.
ಚುಕ್ಕಿಯ ಆಚೆ: ನಾಥಾ.
ಮತ್ತೆ ಚುಕ್ಕಿ, ಅದರಾಚೆ: ಹಾ, ನಾಥಾ.

ಯುದ್ಧ ಸೋತವನು ಅವನು.
ಸೋತದ್ದು ಯಾಕೆ? ಹೊರಡುವ ಬೆಳಿಗ್ಗೆ
ಕತ್ತಿಯ ಮೇಲೆ ರಾಣಿಯ ನೆರಳು ಬಿತ್ತಂತೆ.
ಜೋಯಿಸ ಹೇಳಿದ, ಮಂತ್ರಿ ತಲೆದೂಗಿದ,
ಕಾಡಿಗೆ ಅಟ್ಟಿದರು.
ನೆರಳು ಬೀಳಬೇಕಾದರೆ ಸೂರ್ಯನೂ ಬೇಕಲ್ಲ,
ಅವನನ್ನು ಯಾರೂ ಕೇಳಲಿಲ್ಲ.
ಕಾಡಿನಲ್ಲಿ ಮುಳ್ಳು ತುಳಿದು ನಿಂತು ಅವಳ ಮಾತು:
"ತಪ್ಪೆಲ್ಲ ನನ್ನದೇ."
ಹಾಗೇ ಟೈಪು ಮಾಡಿದೆ. ಕೆಂಪು ಗೆರೆ ಬರಲಿಲ್ಲ.
ಕಂಪ್ಯೂಟರಿನ ಪ್ರಕಾರ ಎಲ್ಲ ಸರಿಯಾಗಿದೆ.

ರಾತ್ರಿ ಒಂಬತ್ತಕ್ಕೆ, ಹೊಟ್ಟೆಯುರಿ ತಡೆಯದೆ,
ಹುಡುಕು ಅಂತ ಕೊಟ್ಟೆ: 'ಮೂರ್ಛೆ ಹೋಗುವಳು'.
ಒಂಬತ್ತು ಕಡೆ.
'ಎಚ್ಚರ' ಅಂತ ಕೊಟ್ಟೆ. ಎರಡು ಕಡೆ,
ಎರಡೂ ಬಾಗಿಲು ಕಾಯುವವನ ಕೂಗು.
'ಏಳುವಳು'?
ಇಲ್ಲ.
ಬರೆದ ಪುಣ್ಯಾತ್ಮ ಎಬ್ಬಿಸುವುದನ್ನು ಮರೆತೇಬಿಟ್ಟಿದ್ದಾನೆ.
ಪ್ರತಿಸಲ ಹೇಗೋ ಮುಂದಿನ ದೃಶ್ಯದಲ್ಲಿ ನಿಂತಿರುತ್ತಾಳೆ,
ಮತ್ತೆ ಬೀಳುವುದಕ್ಕೆ.
ಒಂಬತ್ತನೆಯದು ಕಡೆಯ ಅಂಕ. ರಾಜನಿಗೆ ಪಶ್ಚಾತ್ತಾಪ,
ಅವಳ ತಲೆಯ ಮೇಲೆ ನಿಂತು ಒಂದು ಕಂದ, ಎರಡು ಹಾಡು,
ಆಮೇಲೆ ಮಂಗಳ.
ಅಂದರೆ ತಾತನ ಕಾಲದಿಂದ ಅಲ್ಲೇ ಬಿದ್ದಿದ್ದಾಳೆ.

ಅರಸೀಕೆರೆಯಿಂದ ಚಂಪಕಮ್ಮನ ಫೋನು:
"ನನ್ ಪಾತ್ರದ ಹಾಳೆ ಮಾತ್ರ ವಾಟ್ಸಾಪ್ ಮಾಡಮ್ಮ."
ನಾಲ್ಕು ಹಾಳೆ.
ರಾಜನದು ಮೂವತ್ತೆಂಟು, ಸ್ಪೈರಲ್ ಬೈಂಡಿಂಗು.
ದುದ್ದದ ಗೊಬ್ಬರದಂಗಡಿಯವರು
ನಲವತ್ತು ಸಾವಿರ ಕಟ್ಟಿ ರಾಜನಾಗಿದ್ದಾರೆ.
ಅವಳಿಗೆ ಒಂದು ರಾತ್ರಿಗೆ ಎರಡೂವರೆ, ಬಸ್ ಚಾರ್ಜು ಬೇರೆ.

"ಬಿದ್ಮೇಲೆ ಏಳೋದು ಎಲ್ಲಿ ಅಕ್ಕ?" ಕೇಳಿದೆ.
ನಕ್ಕಳು. ಕೆಮ್ಮು ಬರುವಷ್ಟು ನಕ್ಕಳು.
"ಹಾಡಿಗೆ ಒನ್ಸ್‌ಮೋರ್ ಬೀಳುತ್ತೆ. ಮತ್ತೆ ಹಾಡ್ತಾರೆ.
ನೋಟು ಚುಚ್ಚೋಕೆ ಭಾವಮೈದ ಬರ್ತಾನೆ,
ಮತ್ತೆ ಒನ್ಸ್‌ಮೋರ್.
ಹಲಗೆ ಸಂದಿಂದ ಸೊಳ್ಳೆ. ಕದಲಂಗಿಲ್ಲ.
ಒಂದ್ಸಲ ಸಾಲಗಾಮೆ ಹತ್ರ ನಿಜಕ್ಕೂ ನಿದ್ದೆ ಬಂತು ಕಣೆ,
ಪರದೆ ಬಿದ್ಮೇಲೆ ಲೈಟಿನ ಹುಡುಗ ಎಬ್ಬಿಸ್ದ.
ಅದನ್ನೇನ್ ಬರೀತಾರೆ?
ಕತ್ಲಲ್ಲಿ ನಾವೇ ಏಳ್ತೀವಿ."

ಫೋನಿಟ್ಟ ಮೇಲೆ ಬಹಳ ಹೊತ್ತು ಸುಮ್ಮನಿದ್ದೆ.
ಕರೆಂಟು ಹೋಯಿತು, ಯುಪಿಎಸ್ಸು ಕೂಗತೊಡಗಿತು,
ಅದಕ್ಕೆ ಹತ್ತು ನಿಮಿಷದ ಆಯುಸ್ಸು.
ಕಡೆಯ ಪುಟಕ್ಕೆ ಹೋಗಿ
ರಾಜನ ಹಾಡಿಗೂ ಮಂಗಳಕ್ಕೂ ನಡುವೆ,
ಪರದೆ ಬೀಳುವ ಮೊದಲೇ, ಬೆಳಕಿರುವಾಗಲೇ,
ಒಂದೇ ಪದ ಸೇರಿಸಿ
ಸೇವ್ ಮಾಡಿದೆ.

ಬೆಳಿಗ್ಗೆ ದ್ಯಾವಪ್ಪನವರು ಕನ್ನಡಕ ಒರೆಸಿಕೊಂಡು
ಸಾಲಿನ ಕೆಳಗೆ ಬೆರಳಿಟ್ಟು ಗುನುಗುತ್ತ ಓದಿದರು.
ಕಡೆಯ ಪುಟದಲ್ಲಿ ಬೆರಳು ನಿಂತಿತು, ಗುನುಗೂ.
ಬೈಯುತ್ತಾರೆ ಅಂದುಕೊಂಡೆ.
ಮೇಜಿನ ಮೇಲೆ ಇಲ್ಲದ ಮನೆಗಳನ್ನು ಒತ್ತಿ ನೋಡಿದರು,
ಮತ್ತೆ ಒತ್ತಿದರು,
ತಲೆಯೆತ್ತಿ ನನ್ನನ್ನೇ ಕೇಳಿದರು:
"ಏಳೋದಕ್ಕೆ ಯಾವ್ ರಾಗ ಹಾಕ್ಲವ್ವ?"